ಕೋಡಿ ಬಿದ್ದ ವರ್ಷದ ಪಕ್ಕೆ ಮೀನು

ಅದು ಹಾಲಿನ ಕ್ಯಾನೋ ಸ್ಟೀಲ್ ಬಕೆಟ್ಟೋ, ನನಗೀಗ ಖಚಿತವಿಲ್ಲ. ಒಳಗೆ ಬೆರಳುದ್ದದ ಪಕ್ಕೆ ಮೀನುಗಳು ಕಿಕ್ಕಿರಿದು ಬಾಯಿ ಬಿಡುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದೆ. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ಕಂಡದ್ದೇ ಆಗಿರಬೇಕಿಲ್ಲ ಎಂಬ ಅನುಮಾನವನ್ನು ವಿಶ್ವವಿದ್ಯಾಲಯ ನನಗೆ ಡಿಗ್ರಿಯ ಜೊತೆ ಪುಕ್ಕಟೆಯಾಗಿ ಕೊಟ್ಟು ಕಳಿಸಿತ್ತು.

ನಾನು ಗಾಳ ಹಾಕುವವನು, ಸ್ನೇಹಿತರೇ. ಹೊಟ್ಟೆಪಾಡಿಗಲ್ಲ, ಭಾನುವಾರದ ಚಪಲಕ್ಕೆ. ಶಿರಾ ಕಡೆಯ ನಮ್ಮ ಕೆರೆ ಏರಿಯ ಮೇಲೆ ಟೈಲರ್ ಕರಿಯಣ್ಣನೂ ನಾನೂ ಕೊರಮೀನಿಗಾಗಿ ಕೂರುತ್ತೇವೆ. ಜೀವಂತ ಪಕ್ಕೆಯನ್ನು ಗಾಳಕ್ಕೆ ಚುಚ್ಚಿದರಷ್ಟೇ ಕೊರಮೀನು ಬಾಯಿ ಹಾಕುತ್ತದೆಂಬುದು ನಮ್ಮ ಪಂಥದ ನಂಬಿಕೆ. ನಮಗದು ಎರೆ, ಕೊರಮೀನಿಗೂ ಮಿಂಚುಳ್ಳಿಗೂ ನಿತ್ಯದ ಅನ್ನ. ಆ ಪಕ್ಕೆ ಕೆರೆಯಿಂದ ಕಾಣೆಯಾಯಿತು. ಅದರ ಹಿಂದೆಯೇ ಕೊರಮೀನು, ಮಿಂಚುಳ್ಳಿ.

ದೂರಲು ಒಬ್ಬ ಸಿಕ್ಕಿದ: ಮೀನು ಸಾಕಲು ಕೆರೆಯನ್ನು ಗುತ್ತಿಗೆ ಹಿಡಿದಿದ್ದ ಪಾವಗಡ ಕಡೆಯ ಓಬಳೇಶ.

"ಅವ್ನೇ ಕಣ್ ಸಾ, ಸೊಳ್ಳೆ ಪರದೆಯಂಗಿರೋ ಬಲೆ ಬುಟ್ಟು ಎಲ್ಲಾ ಬಳ್ಕಂಡ್ಬುಟ್ಟ. ನೀವ್ ಓದಿರೋರು, ಒಂದರ್ಜಿ ಗೀಚಿ" ಎಂದ ಕರಿಯಣ್ಣ.

ಮೀನುಗಾರಿಕೆ ಇಲಾಖೆಗೆ ಬರೆದೆ. ಕೆರೆ ತುಂಬಿ ಕೋಡಿ ಬಿದ್ದ ವರ್ಷವೇ ಈತ ಪಕ್ಕೆಗಳನ್ನು ಬಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೂ ಸೇರಿಸಿ ಸಹಿ ಹಾಕಿದೆ. ಓದಿದವನ ಸಹಿಗೆ ಬೆಲೆಯಿದೆ. ಓಬಳೇಶನ ಗುತ್ತಿಗೆ ರದ್ದಾಯಿತು.

ಊರು ಬಿಡುವ ದಿನ ಅವನು ಬಲೆ ಹೊತ್ತು ಏರಿಗೆ ಬಂದ. "ನೋಡಂಡಿ ಸಾರ್, ಈ ಬಲೆ ಕಣ್ಣಾಗೆ ನಿಮ್ ಮೂರು ಬೆರಳು ತೂರ್ತಾವೆ. ಇದ್ರಾಗೆ ಪಕ್ಕೆ ನಿಲ್ತದಾ? ನಾ ಬಿಟ್ಟಿದ್ದು ಕಾಟ್ಲಾ ಮರಿ, ಹಿಡ್ದಿದ್ದೂ ಅದ್ನೇ."

"ಓಹೋ, ಪಕ್ಕೆಗಳು ತಾವೇ ಬಸ್ ಹತ್ಕಂಡು ಹಿಂದೂಪುರಕ್ಕೆ ಹೋದ್ವೇನ್ಲಾ?" ಕರಿಯಣ್ಣ ನಕ್ಕ.

ಓಬಳೇಶ ಅವನತ್ತ ನೋಡಲಿಲ್ಲ. "ನೀವು ನೋಡಿದ್ರಾ ಸಾರ್?" ಎಂದು ನನ್ನನ್ನೇ ಕೇಳಿದ. ನಾನು ನೀರಿನ ಮೇಲೆ ತೇಲುತ್ತಿದ್ದ ಗಾಳದ ಬೆಂಡನ್ನು ನೋಡುತ್ತ ಕುಳಿತೆ.

ನೋಡಿದ್ದೆನೇ? ಕೋಡಿ ಬಿದ್ದಾಗ ಪಕ್ಕೆಗಳು ಮೊಟ್ಟೆ ಇಡಲು ಹರಿವಿಗೆ ಎದುರಾಗಿ, ಹೊಟ್ಟೆ ಉಬ್ಬಿಸಿಕೊಂಡು ಹತ್ತಿ ಬರುತ್ತಿದ್ದವು. ಕೋಡಿ ಕಾಲುವೆಗೆ ಅಡ್ಡಲಾಗಿ ಹಿಡಿದ ಸೊಳ್ಳೆ ಪರದೆಯೂ ನೆನಪಿದೆ. ಅದರ ಒಂದು ತುದಿ ಕರಿಯಣ್ಣನ ಕೈಯಲ್ಲಿತ್ತು. ಇನ್ನೊಂದು ತುದಿಯನ್ನು ಹಿಡಿದಿದ್ದ ಕೈಗಳು ನನ್ನವೇ. ಗಾಳಕ್ಕೆ ಬೇಕಾದದ್ದು ಹತ್ತು ಮೀನು. ಬಾಚಿದ್ದು ಪಾತ್ರೆ ತುಂಬ. ಮಿಕ್ಕವು ಮಧ್ಯಾಹ್ನದೊಳಗೆ ಸತ್ತು ಏರಿಯ ಮೇಲೆ ಕಾಗೆಗಳ ಪಾಲಾದವು. ವಾರವಿಡೀ ಹೀಗೆಯೇ. ನಾವಷ್ಟೇ ಅಲ್ಲ, ಗಾಳ ಹಿಡಿದವರೆಲ್ಲ. ಮುಂದಿನ ಬೇಸಿಗೆಗೆ ಪಕ್ಕೆ ಇರಲಿಲ್ಲ. ಆದರೂ ಈ ಚಿತ್ರದ ಹಿನ್ನೆಲೆಯಲ್ಲಿ ನನ್ನ ನೆನಪು ಓಬಳೇಶನ ತೆಪ್ಪವನ್ನು ತಂದು ನಿಲ್ಲಿಸಿ, ನನ್ನ ಸಹಿಯನ್ನು ಕಾಪಾಡುತ್ತಲೇ ಬಂದಿತ್ತು. ಜಗತ್ತನ್ನೆಲ್ಲ ಶಂಕಿಸುವ ನಾನು ನನಗೆ ಅನುಕೂಲವಾದ ಈ ಒಂದನ್ನು ಮಾತ್ರ ಶಂಕಿಸಲಿಲ್ಲ.

ಕೊನೆಗೆ, ಯಾರಿಗೂ ಹೇಳದೆ, ಇಲಾಖೆಯ ಕಚೇರಿಗೆ ಹೋಗಿ ಕೆರೆ ಗುತ್ತಿಗೆಯ ಹಳೆಯ ಪುಸ್ತಕ ತೆಗೆಸಿ ನೋಡಿದೆ. ಕೋಡಿ ಬಿದ್ದ ವರ್ಷ ನಮ್ಮ ಕೆರೆಯನ್ನು ಯಾರೂ ಗುತ್ತಿಗೆ ಹಿಡಿದಿರಲಿಲ್ಲ. ಓಬಳೇಶ ಬಂದದ್ದು ಅದರ ಮರುವರ್ಷ.