ಸ್ಪಾಸೆ ಮೇಷ್ಟ್ರ ಬಲಗಾಲು

ಮಕೆಡೋನಿಯಾದ ಹೊಲಿಗೆ ಕಾರ್ಖಾನೆಗಳ ಊರಾದ ನಮ್ಮ ಶ್ಟಿಪ್‌ನಲ್ಲಿ ಕಾರು ಓಡಿಸಬಲ್ಲವರಲ್ಲಿ ಅರ್ಧಕ್ಕರ್ಧ ಜನ ಶ್ರೀ ಸ್ಪಾಸೆ ಮಿತ್ರೆವ್ ಅವರ ಪಕ್ಕದಲ್ಲಿ ಕುಳಿತು ಬೆವರಿದವರೇ. ಹೊಟ್ಟೆಪಾಡಿನ ಕಸುಬನ್ನು ವಿದ್ಯೆಯ ಮಟ್ಟಕ್ಕೆ ಏರಿಸಿದ ಈ ಹಿರಿಯರು ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ, ಅವರ ಸೇವೆಯನ್ನು ಬಣ್ಣಿಸಲು ಶಿಷ್ಯೆ ದೋನ್ಕಾ ಅವರ ಕಥೆಯೊಂದೇ ಸಾಕೆಂದು ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರೊಡನೆ ದುಡಿದ ನಮಗೆ ತೋರಿದೆ.

ದೋನ್ಕಾ ಹರೆಯದಿಂದಲೂ ಕಾರ್ಖಾನೆಯಲ್ಲಿ ಅಂಗಿ ಹೊಲಿದವರು. ಗಂಡ ಯೋರ್ದಾನ್‌ಗೆ ಮೂತ್ರಪಿಂಡ ಕೈಕೊಟ್ಟಿತ್ತು. ಕಣ್ಣೂ ಮಂಜಾಗಿ ಲೈಸೆನ್ಸು ಹೋಗಿತ್ತು. ರಕ್ತ ಶುದ್ಧಿ ಮಾಡಿಸಲು ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಕಾರು ಅಂಗಳದಲ್ಲೇ ಇದೆ, ಓಡಿಸುವವರಿಲ್ಲ. ನೆರೆಯವರ ಮುಂದೆ ಎಷ್ಟು ದಿನ ಹಲ್ಲುಗಿಂಜುವುದು? ತಾನು ಕಲಿಯದಿದ್ದರೆ ಗಂಡ ಉಳಿಯುವುದಿಲ್ಲವೆಂಬ ಭಯವನ್ನು ಮಡಿಲಲ್ಲಿ ಕಟ್ಟಿಕೊಂಡೇ ಆಕೆ ಐವತ್ತರ ಅಂಚಿನಲ್ಲಿ ಮೇಷ್ಟ್ರ ಕಾರು ಹತ್ತಿದರು.

ಮೂರು ಪೆಡಲು, ಎರಡು ಕಾಲು. ಯಾವುದಕ್ಕೆ ಯಾವುದೆಂದು ಬಾಯಿಪಾಠವಾಗಿತ್ತು. ಆದರೂ ಕಾರು ಕದಲಿದೊಡನೆ ಪಾಠ ಮರೆತು ಸ್ಟಿಯರಿಂಗನ್ನು ಅವಚಿಕೊಳ್ಳುತ್ತಿದ್ದರು. ಶರತ್ಕಾಲದ ಒಂದು ಬೆಳಿಗ್ಗೆ ಇಳಿಜಾರಿನ ಬೀದಿಯಲ್ಲಿ, ಚಳಿಗಾಲದ ಚಟ್ನಿಗೆಂದು ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುತ್ತಿದ್ದ ಅಜ್ಜಿಯೊಬ್ಬರ ಒಲೆಯತ್ತ ಕಾರು ನೇರ ನುಗ್ಗಿತು. "ನಿಲ್ಸಮ್ಮಾ!" ಎಂದರು ಮೇಷ್ಟ್ರು. ದೋನ್ಕಾ ಶಕ್ತಿಯೆಲ್ಲ ಹಾಕಿ ಒತ್ತಿದರು, ಕಾರು ನಿಲ್ಲಲಿಲ್ಲ. ಕಲಿಸುವವರಿಗೆಂದೇ ಪಕ್ಕದ ಸೀಟಿನ ಮುಂದೆ ಇದ್ದ ಇನ್ನೊಂದು ಬ್ರೇಕನ್ನು ಮೇಷ್ಟ್ರು ತುಳಿದದ್ದರಿಂದ ಒಲೆ ಉಳಿಯಿತು, ಅಜ್ಜಿಯೂ ಉಳಿದರು.

"ನನ್ನನ್ನೂ ಸುಟ್ಟು ಸಿಪ್ಪೆ ಸುಲೀಬೇಕು ಅಂತ ಬಂದ್ಯೇನೇ?" ಎಂದು ಅಜ್ಜಿ ಇಕ್ಕಳ ಎತ್ತಿದರು.

"ಒತ್ತಿದ್ದೆ ಮೇಷ್ಟ್ರೇ, ದೇವರಾಣೆ ಒತ್ತಿದ್ದೆ" ಎಂದು ದೋನ್ಕಾ ಅತ್ತೇಬಿಟ್ಟರು.

ಬೇರೆಯವರಾಗಿದ್ದರೆ ಬೈದು ಇಳಿಸುತ್ತಿದ್ದರು. ಮೇಷ್ಟ್ರು ಬಗ್ಗಿ ಆಕೆಯ ಪಾದ ನೋಡಿದರು. ಬೆರಳು ಮೇಲೆದ್ದಿದ್ದವು, ಹಿಮ್ಮಡಿ ನೆಲಕ್ಕೆ ಅಂಟಿತ್ತು.

"ಫ್ಯಾಕ್ಟರೀಲಿ ಮಷಿನ್ ಹೆಂಗಮ್ಮ ನಿಲ್ಸೋದು?"

"ಹಿಮ್ಮಡೀಲಿ ಹಿಂದಕ್ಕೆ ಒತ್ತೋದು... ಅಯ್ಯೋ!"

"ನಿನ್ ಕಾಲು ತಪ್ಪು ಮಾಡಿಲ್ಲ ಬಿಡು. ಇನ್ನೂ ಅಂಗೀನೇ ಹೊಲೀತಿದೆ. ತಲೆಗೆ ಗೊತ್ತಿದ್ರೆ ಸಾಲ್ದು, ಕಾಲಿಗೆ ಗೊತ್ತಾಗ್ಬೇಕು."

ಅಂದಿನಿಂದ ಪಾಠದ ಹೊತ್ತು ಮುಗಿದ ಮೇಲೂ ನಿಂತ ಕಾರಿನಲ್ಲಿ ಕುಳಿತು, ಕಾಫಿ ಕುಡಿಯುತ್ತ, ಊರ ಸುದ್ದಿ ಆಡುತ್ತ, ಮಾತಿನ ನಡುವೆ ಥಟ್ಟನೆ "ನಿಲ್ಸು!" ಎನ್ನುತ್ತಿದ್ದರು. ದೋನ್ಕಾರ ಕಾಫಿ ಎಷ್ಟೋ ಸಲ ಲಂಗದ ಪಾಲಾಯಿತು. ಆ ತಾಳ್ಮೆಗೆ ಅವರು ಬಿಡಿಗಾಸನ್ನೂ ಹೆಚ್ಚಿಗೆ ಕೇಳಿದವರಲ್ಲ.

ಪರೀಕ್ಷೆಯ ದಿನ ಪರೀಕ್ಷಕರು ಹಿಂದಿನ ಸೀಟಿನಲ್ಲಿದ್ದರು. ಮೇಷ್ಟ್ರು ತಮ್ಮ ಪೆಡಲು ಮುಟ್ಟಿದರೆ ಶಿಷ್ಯೆ ಫೇಲು. ಇಳಿಜಾರಿನ ನೆತ್ತಿಯಲ್ಲಿ ಅವರು ತಮ್ಮೆರಡೂ ಕಾಲುಗಳನ್ನು ಸೀಟಿನಡಿಗೆ ಎಳೆದುಕೊಂಡದ್ದು ದೋನ್ಕಾರ ಕಡೆಗಣ್ಣಿಗೆ ಬಿತ್ತು. ಇನ್ನು ಹಿಡಿಯುವವರಿಲ್ಲ! ಅಷ್ಟರಲ್ಲಿ ಮುಂದಿದ್ದ ರೊಟ್ಟಿಯ ವ್ಯಾನು ಗಕ್ಕನೆ ನಿಂತಿತು. ಆಕೆಗೆ ಯೋಚಿಸಲು ಪುರಸೊತ್ತೇ ಸಿಗಲಿಲ್ಲ. ಕಾಲ್ಬೆರಳುಗಳು ತಾವಾಗಿ ಕೆಳಗಿಳಿದವು. ಕಾರು ನಿಂತಿತು.

ಯೋರ್ದಾನ್ ಇಂದಿಗೂ ಹೆಂಡತಿಯ ಪಕ್ಕದಲ್ಲಿ ಕುಳಿತು, ರಸ್ತೆ ಕಾಣದಿದ್ದರೂ ದಾರಿ ಹೇಳುತ್ತ ಆಸ್ಪತ್ರೆಗೆ ಹೋಗಿಬರುತ್ತಾರೆ.

ಕಳೆದ ವಾರ ಬೀಳ್ಕೊಡುಗೆಯ ಊಟ ಮುಗಿದಾಗ ಮೇಷ್ಟ್ರನ್ನು ಮನೆಗೆ ಬಿಟ್ಟವರು ದೋನ್ಕಾ, ತಮ್ಮ ಹಳೆಯ ಕಾರಿನಲ್ಲಿ. ಅದೇ ಇಳಿಜಾರು. ಪ್ರತಿ ತಿರುವಿನಲ್ಲೂ ಮೇಷ್ಟ್ರ ಬಲಗಾಲು ಬರಿಯ ನೆಲವನ್ನು ಒತ್ತುತ್ತಿತ್ತು.

"ಮೇಷ್ಟ್ರೇ, ಅಲ್ಲಿ ಬ್ರೇಕಿಲ್ಲ."

"ನಂಗೊತ್ತಮ್ಮ. ಕಾಲಿಗೆ ಗೊತ್ತಿಲ್ವಲ್ಲ."

ಪೂಜ್ಯರು ನೂರ್ಕಾಲ ಬಾಳಲಿ. ಹೊಸಬರಿಗೆ ಬುದ್ಧಿ ಹೇಳುವ ಕೆಲಸ ಮನೆಯಂಗಳದಿಂದಲೇ ಮುಂದುವರಿಯಲಿ. ನಮ್ಮೆಲ್ಲರನ್ನೂ ಇಷ್ಟು ಕಾಲ ಹಿಡಿದು ನಿಲ್ಲಿಸಿದ ಆ ಬಲಗಾಲಿಗೂ ನಿವೃತ್ತಿಯ ಸುದ್ದಿ ಬೇಗ ತಲುಪಲಿ.