ಹಲ್ಕಾ ಗಾಡಿಯ ಪ್ರಕರಣ

ನಾಗಪುರದಲ್ಲಿ ಇದ್ದಷ್ಟು ಕಾಲವೂ ನನಗೆ ಬೇಕಾಗಿದ್ದದ್ದು ದಿನಕ್ಕೆ ಅರ್ಧ ಗಂಟೆ. ಯಾರೂ ನನ್ನನ್ನು ಮಾತನಾಡಿಸದ ಅರ್ಧ ಗಂಟೆ. ಆಸೆ ದೊಡ್ಡದೇನಲ್ಲ ಎಂದು ಆಗ ಅನ್ನಿಸಿತ್ತು.

ತೊಂಬತ್ತರ ದಶಕದ ನಡುವಿನ ವರ್ಷಗಳು. ಸೆಮಿನರಿ ಹಿಲ್ಸ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ನೆಲಮಹಡಿಯ ಎರಡು ಕೋಣೆಗಳ ಮನೆ ನಮ್ಮದು. ಗದಗಿನಿಂದ ಬಂದು ನಮ್ಮೊಡನೆ ನೆಲೆಸಿದ್ದ ಅವ್ವ, ನನ್ನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಂದು ಟಿ.ವಿ., ಮತ್ತು ಬೇಸಿಗೆಯಿಡೀ ಕಿಟಕಿಯನ್ನು ಆಕ್ರಮಿಸಿಕೊಂಡು ಗುಡುಗುವ ಕೂಲರ್. ಕೂಲರ್‌ನ ಸದ್ದಿನ ಮೇಲೆ ಕೇಳಿಸಬೇಕೆಂದು ಎಲ್ಲರೂ ಗಟ್ಟಿಯಾಗಿ ಮಾತನಾಡುತ್ತಿದ್ದರು. ಕೂಲರ್ ಎತ್ತಿಟ್ಟ ಮೇಲೂ ಆ ಅಭ್ಯಾಸವನ್ನು ಯಾರೂ ಎತ್ತಿಡುತ್ತಿರಲಿಲ್ಲ. ಕಚೇರಿ ಊರಿನ ಇನ್ನೊಂದು ಬದಿಗೆ, ಅಜನಿಯ ಆಚೆ. ಅಲ್ಲಿ ನನ್ನ ಮೇಜಿನ ನಾಲ್ಕೂ ಕಡೆಗೆ ಮೇಜುಗಳು. ಹೊರಗೆ ಹೋಗಬೇಕಾದರೆ ಒಬ್ಬರು ಕುರ್ಚಿ ಸರಿಸಬೇಕು, ಸರಿಸುವ ಮೊದಲು ಎಲ್ಲಿಗೆ ಎಂದು ಕೇಳಬೇಕು, ನಾನು ಹೇಳಬೇಕು. ಮನೆಗೂ ಕಚೇರಿಗೂ ನಡುವಿನ ದಾರಿ ಒಂದೇ ಉಳಿದದ್ದು. ಅದನ್ನು ನಮ್ಮ ಸೂಪರಿಂಟೆಂಡೆಂಟರು ವಶಪಡಿಸಿಕೊಂಡಿದ್ದರು.

ಅವರು ಮೈಸೂರಿನ ಕಡೆಯವರು. ನನ್ನ ಮೇಲಧಿಕಾರಿ, ವಾಸ ನಮ್ಮ ತಲೆಯ ಮೇಲಿನ ಮಹಡಿಯಲ್ಲಿ. ಎತ್ತರದ ಆಳು, ಅದಕ್ಕೆ ತಕ್ಕ ಅಗಲ. ಹೆಂಡತಿ ತೀರಿಕೊಂಡು ಮಕ್ಕಳು ದೂರವಿದ್ದ ಅವರಿಗೆ ಕಚೇರಿಯಲ್ಲಿ ಕನ್ನಡ ಬಲ್ಲವನೆಂದರೆ ನಾನೊಬ್ಬನೇ. ಹೀಗಾಗಿ ದಿನವಿಡೀ ತಡೆದಿಟ್ಟ ಕನ್ನಡವನ್ನೆಲ್ಲ ಸುರಿಯಲು ಅವರಿಗೆ ಸಿಕ್ಕ ಪಾತ್ರೆಯೂ ಒಂದೇ. ಅವರ ಹಳೆಯ ಸ್ಕೂಟರಿನ ಹಿಂದಿನ ಸೀಟಿನಲ್ಲಿ ವರ್ಷಗಟ್ಟಲೆ ಕುಳಿತು ಅವರ ವರ್ಗಾವಣೆಗಳ ಚರಿತ್ರೆಯನ್ನು ಕೇಳಿದ್ದೇನೆ. ಜಬಲ್ಪುರಕ್ಕೆ ಬರುವಷ್ಟರಲ್ಲಿ ಕಚೇರಿ ಬರುತ್ತಿತ್ತು. ಸಂಜೆ ಜಬಲ್ಪುರದಿಂದಲೇ ಮುಂದುವರಿಕೆ. ಮುಖ್ಯವಾದ ಘಟ್ಟಗಳಲ್ಲಿ ಅವರು ಹಿಂದಕ್ಕೆ ತಿರುಗಿ ನನ್ನ ಮುಖ ನೋಡುತ್ತಿದ್ದರು. ಲಾರಿಗಳು ಎದುರಿಗೆ ಬರುತ್ತಿದ್ದವು.

ಒಂದು ದಿನ ಅವರ ಮಂಡಿಗಳು ಕೈಕೊಟ್ಟವು. ಸ್ಕೂಟರಿಗೆ ಕಿಕ್ ಹೊಡೆಯುವಂತಿಲ್ಲ, ಗಾಡಿ ನಡೆಸುವಂತಿಲ್ಲ ಎಂದರಂತೆ ಡಾಕ್ಟರು. ಸ್ಕೂಟರ್ ಮಾರಿ, ಸಂಜೆ ನಮ್ಮ ಮನೆಗೆ ಇಳಿದು ಬಂದು, ಒಂದು ಶೋಕಸಭೆಗೆ ತಕ್ಕ ಗಾಂಭೀರ್ಯದಿಂದ ಕುಳಿತರು.

“ನೋಡಪ್ಪಾ, ನನ್ನ ಮಂಡಿ ನನಗಿಂತ ಮುಂಚೆ ರಿಟೈರ್ ಆಯ್ತು. ಇನ್ಮೇಲೆ ನೀನೊಂದು ಗಾಡಿ ತಗೋ. ಇಷ್ಟು ವರ್ಷ ನಾನು ಕರ್ಕೊಂಡ್ ಹೋದೆ, ಈಗ ನಿನ್ನ ಸರದಿ.”

ನಾನು ತಲೆಯಾಡಿಸಿದೆ. ಆದರೆ ತಲೆಯೊಳಗೆ ಬೇರೆಯದೇ ಯೋಜನೆ ಸಿದ್ಧವಾಗಿತ್ತು. ಪೇಟೆಯಲ್ಲಿ ಆಗ ಒಂದು ಪುಟ್ಟ ಬೈಕು ಬಂದಿತ್ತು. ಮೊಪೆಡ್ಡಿಗಿಂತ ಸ್ವಲ್ಪ ದೊಡ್ಡದು, ಮೋಟರ್‌ಸೈಕಲ್ ಎನ್ನಿಸಿಕೊಳ್ಳಲು ಅದಕ್ಕೇ ಸಂಕೋಚ. ಕುಳ್ಳನಾದ ನನಗೆ ಅದರ ಮೇಲೆ ಕುಳಿತರೆ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುತ್ತಿದ್ದವು. ಆದರೆ ಅದರ ಪರಮ ಗುಣ ಬೇರೆ. ಅದರ ಸೀಟು ಒಂದೂವರೆ ಮನುಷ್ಯರಿಗೆ ಮಾತ್ರ. ನಮ್ಮ ಸೂಪರಿಂಟೆಂಡೆಂಟರು ಆ ಅರ್ಧದಲ್ಲಿ ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಅವರಿಗೆ ಆಟೋ, ನನಗೆ ಅರ್ಧ ಗಂಟೆ. ಈ ಕಾರಣವನ್ನು ಯಾರಿಗೂ ಹೇಳುವಂತಿರಲಿಲ್ಲ. ಮೈಲೇಜು, ಮೈಲೇಜು ಎಂದು ಜಪಿಸುತ್ತ ಓಡಾಡಿದೆ.

ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಿದ್ದು ನನ್ನ ಬಾಯಿ. ಊಟಕ್ಕೆ ಕುಳಿತಾಗ ಅವ್ವನಿಗೆ ಹೇಳಿದೆ: “ಅವ್ವಾ, ಒಂದು ಹಲ್ಕಾ ಗಾಡಿ ನೋಡೇನಿ. ನನಗ ಬರೋಬರ್ ಆಕ್ಕೈತಿ.”

ನಾಗಪುರದ ಹಿಂದಿ-ಮರಾಠಿಯಲ್ಲಿ ಹಗುರವಾದದ್ದೆಲ್ಲ ಹಲ್ಕಾ. ವರ್ಷಗಟ್ಟಲೆ ಅದೇ ಮಾತು ಕಿವಿಗೆ ಬಿದ್ದು, ಹಾಗೇ ನಾಲಿಗೆಗೂ ಇಳಿದುಬಿಟ್ಟಿತ್ತು. ಗದಗಿನಲ್ಲಿ ಆ ಶಬ್ದವನ್ನು ತಕ್ಕಡಿಗೆ ಸಂಬಂಧಪಟ್ಟಂತೆ ಬಳಸುವುದಿಲ್ಲ. ಯಾರ ಮನೆಯ ನೀರು ಮುಟ್ಟಬಾರದೋ ಅಂಥ ನೀಚರಿಗೆ ಮಾತ್ರ ಕಾದಿರಿಸಿದ್ದಾರೆ.

ರೊಟ್ಟಿ ಮುರಿಯುತ್ತಿದ್ದ ಅವ್ವನ ಕೈ ನಿಂತಿತು. “ಎಂಥಾ ಗಾಡಿ ಅಂದಿ?”

“ಹಲ್ಕಾ.”

“ಮತ್ತೊಮ್ಮಿ ಬ್ಯಾರೆ ಅಂತೀಯಲ್ಲೋ! ಗಂಗಾಳದ ಮುಂದ ಕುಂತು!”

ಎರಡೂ ಅರ್ಥ ಬಲ್ಲ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಿದ್ದು ಸಾಕಾದ ಮೇಲೆ ನನ್ನ ಪರ ವಕಾಲತ್ತಿಗೆ ಬಂದಳು. “ಇವರು ಅಂದದ್ದಲ್ರೀ ಅತ್ತಿ, ಅಂಗಡ್ಯಾವ ಅದಕ್ಕ ಹಂಗ ಅಂತಾನ್ರೀ.”

“ಮಾರಾವನ ಹಲ್ಕಾ ಅಂದಮ್ಯಾಲ ತಗೊಳ್ಳಾವಗ ಏನಾಗೇತಿ?” ಎಂದಳು ಅವ್ವ.

“ಹಗುರ ಅಂತ ಅರ್ಥ ಅವ್ವಾ, ಹಗುರ” ಎಂದೆ.

“ಹಗುರ ಆಗೂದು ಚಲೋ ಏನು? ಮಂದ್ಯಾಗ ಹಗುರ ಆಗಬಾರದು ಅಂತ ನಿಮ್ಮಪ್ಪ ಬ್ಯಾಸಗ್ಯಾಗೂ ಕೋಟು ಬಿಡಲಿಲ್ಲ.”

ಆಗ ನನಗೆ ಹೊಳೆಯಿತು: ಎಲ್ಲ ಬಾಗಿಲುಗಳೂ ಭಾಷೆಯೊಳಗೇ ಮುಚ್ಚಿದ್ದವು. ಕನ್ನಡದಲ್ಲಿ ತೂಕವಿಲ್ಲದ್ದಕ್ಕೆ ಮರ್ಯಾದೆಯಿಲ್ಲ. ತೂಕದ ಮನುಷ್ಯ, ತೂಕದ ಮಾತು. ಹಗುರವಾಗಿ ಮಾತಾಡಿದ ಎಂದರೆ ಜಗಳ. ನಾನು ನಿಘಂಟಿನ ಒಳಗೆ ಸಿಕ್ಕಿಬಿದ್ದಿದ್ದೆ.

“ಅಂಗಡ್ಯಾಗ ಇರೂ ಇನ್ನೊಂದು ಗಾಡಿ ಎಂಥಾದ್ದೈತಿ?” ಎಂದು ಅವ್ವ ಕೇಳಿದಳು.

“ಅದು ಭಾರಿ ಗಾಡಿ.”

“ಭಾರಿ ಐತಂತ ನೀನ ಅಂತಿ. ಮತ್ತೇನ್ ವಿಚಾರ?”

ಮರುದಿನ ಬೆಳಿಗ್ಗೆ ಅವ್ವ ಮೆಟ್ಟಿಲ ಬಳಿ ಸೂಪರಿಂಟೆಂಡೆಂಟರನ್ನು ತಡೆದು ಮೊಕದ್ದಮೆಯನ್ನು ಮೇಲಿನ ನ್ಯಾಯಾಲಯಕ್ಕೆ ಒಪ್ಪಿಸಿದಳು. “ನೀವರ ಬುದ್ಧಿ ಹೇಳ್ರೀ ಸಾಹೇಬ್ರ. ಹಲ್ಕಾ ಗಾಡಿ ತರತಾನಂತ.”

“ಛೆ ಛೆ, ಎಲ್ಲಾದ್ರೂ ಉಂಟೇ ತಾಯೀ! ನಾನಿರೋವಾಗ?” ಎಂದರು ಅವರು.

ಭಾನುವಾರ ಶೋರೂಮಿಗೆ ನಾನು ಮತ್ತು ಅವರು ಹೋದೆವು. ನನಗಿನ್ನೂ ಒಂದು ಆಸೆ ಉಳಿದಿತ್ತು. ಪುಟ್ಟ ಬೈಕಿನ ಹಿಂದೆ ಒಮ್ಮೆ ಕುಳಿತು ನೋಡಿರೆಂದು ಅವರನ್ನು ನಾನೇ ಒತ್ತಾಯಿಸಿದೆ. ಕುಳಿತರು. ಸ್ಪ್ರಿಂಗುಗಳು ನಿಟ್ಟುಸಿರುಬಿಟ್ಟವು. ಹಿಂದಿನ ಮಡ್‌ಗಾರ್ಡು ಟೈರಿಗೆ ಮುತ್ತಿಟ್ಟಿತು. ಮುಂದಿನ ಚಕ್ರ ನೆಲ ಬಿಡುವ ವಿಚಾರದಲ್ಲಿತ್ತು. ಇನ್ನೇನು, ಆಟೋದಲ್ಲಿ ಹೋಗ್ತೀನಿ ಬಿಡು ಅನ್ನುತ್ತಾರೆ ಎಂದುಕೊಂಡು ನಾನು ಉಸಿರು ಬಿಗಿಹಿಡಿದೆ.

“ಪಾಪ” ಎಂದು ಇಳಿದು, ಅದರ ಟ್ಯಾಂಕನ್ನು ಸವರಿ, ಅವರು ಪಕ್ಕದ ದೈತ್ಯನತ್ತ ನಡೆದರು. ಕಪ್ಪು ಬಣ್ಣ, ಅಗಲ ಸೀಟು. ಅದರ ಮೇಲೆ ಅವರು ಕುಳಿತಾಗ ಏನೂ ಆಗಲಿಲ್ಲ.

“ನೋಡಿದ್ಯಾ? ನಾನು ಕೂತಿದ್ದು ಅದಕ್ಕೆ ಗೊತ್ತೇ ಆಗ್ಲಿಲ್ಲ. ಬಾ, ಮುಂದೆ ಕೂತ್ಕೋ.”

ಹತ್ತಿದೆ. ಕಾಲಿನ ಹೆಬ್ಬೆರಳುಗಳಷ್ಟೇ ನೆಲವನ್ನು ದೂರದ ಸಂಬಂಧಿಕರಂತೆ ಮಾತನಾಡಿಸಿದವು. ಇದೇ ಕೊನೆಯ ಅವಕಾಶವೆಂದು ಹೇಳಿದೆ: “ಸರ್, ನನಗ ನೆಲ ಮುಟ್ಟವಲ್ದು.”

“ನಾನಿದೀನಲ್ಲಪ್ಪಾ. ನೀನು ಹ್ಯಾಂಡಲ್ ಹಿಡಿ. ಸಿಗ್ನಲ್ ಬಂದಾಗ ನಾನು ಕಾಲು ಕೊಡ್ತೀನಿ. ಮಡಚಕ್ಕಾಗದಿರೋ ಕಾಲು, ಕಂಬದ ಹಾಗೆ ನಿಲ್ಲುತ್ತೆ.”

ಹೀಗೆ ಒಂದು ವಾಹನವನ್ನು ಇಬ್ಬರು ಸೇರಿ ನಡೆಸುವ ಪದ್ಧತಿ ನಮ್ಮ ಬಡಾವಣೆಯಲ್ಲಿ ಜಾರಿಗೆ ಬಂತು. ಕೈ ನನ್ನವು, ಕಾಲು ಅವರವು. ಅವ್ವ ಗಾಡಿಗೆ ಆರತಿ ಎತ್ತಿ, ಮಹಡಿಯಿಂದ ಮಹಡಿಗೆ ಹತ್ತಿ ಪೇಢೆ ಹಂಚಿದಳು. ಅಕ್ಕಪಕ್ಕದವರು ನನ್ನನ್ನು ‘ಭಾರಿ ಗಾಡಿವಾಲೆ’ ಎಂದು ಗುರುತಿಸತೊಡಗಿದರು. ನಮ್ಮ ಮನೆತನಕ್ಕೆ ನಾಗಪುರದಲ್ಲಿ ಮೊದಲ ಬಾರಿಗೆ ತೂಕ ಬಂದಿತ್ತು. ಹಾಗಿರುವಾಗ ಗಾಡಿ ಮಾರುವ ಮಾತನ್ನು ಎತ್ತುವುದಾದರೂ ಯಾವ ಬಾಯಿಂದ?

ಮೊದಲ ವಾರ ಒಂದು ಸಮಾಧಾನವಿತ್ತು. ಎಂಜಿನ್ನಿನ ಸದ್ದಿನಲ್ಲಿ ಹಿಂದಿನವರ ಮಾತು ಕೇಳಿಸುತ್ತಿರಲಿಲ್ಲ. ಆದರೆ ಅವರು ಅನುಭವಸ್ಥರು. ಮಾತನ್ನೆಲ್ಲ ಸಿಗ್ನಲ್ಲಿಗೆಂದು ಕೂಡಿಡಲು ಕಲಿತರು. ಕೆಂಪು ದೀಪ ಬಿದ್ದೊಡನೆ ಎರಡೂ ಕಾಲು ನೆಲಕ್ಕೂರಿ, ಬಿಸಿಲಿಗೆಂದು ನಾನು ತಲೆಗೆ ಸುತ್ತಿಕೊಂಡ ಟವೆಲ್ಲನ್ನು ಕಿವಿಯ ಬಳಿ ತಾವೇ ಸರಿಸಿ, ಆರಂಭಿಸುತ್ತಿದ್ದರು. ಮೇ ತಿಂಗಳ ನಾಗಪುರದಲ್ಲಿ, ಕಾದ ಡಾಂಬರಿನ ನಡುವೆ, ತೊಡೆಗಳ ಕೆಳಗೆ ಕುದಿಯುವ ಎಂಜಿನ್ನು, ಕಿವಿಯಲ್ಲಿ ಜಬಲ್ಪುರ. ಓಡಿಹೋಗೋಣವೆಂದರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಒಂದು ಭಾನುವಾರ ಅವರು ಮಲಗಿದ್ದ ಹೊತ್ತು ನೋಡಿ ಗಾಡಿಯನ್ನು ಒಬ್ಬನೇ ಹೊರಡಿಸಿದೆ. ಫುಟಾಳಾ ಕೆರೆಯ ದಂಡೆಯಲ್ಲಿ ಸುಮ್ಮನೆ ಕೂತು ಬರುವುದಷ್ಟೇ ಉದ್ದೇಶ. ಕೆರೆ ಕಾಣಿಸಿತು ಕೂಡ. ಅಷ್ಟರಲ್ಲಿ ಅಡ್ಡ ಬಂದ ಎಮ್ಮೆಯೊಂದಕ್ಕೆ ಬ್ರೇಕು ಹಾಕಬೇಕಾಯಿತು. ನಿಂತ ಗಾಡಿ ಯೋಚಿಸಿ ಯೋಚಿಸಿ, ಆನೆ ಮಲಗುವ ಹಾಗೆ ನಿಧಾನವಾಗಿ ಎಡಕ್ಕೆ ಮಲಗಿತು. ನಾನೂ ಜೊತೆಗೆ ಮಲಗಿದೆ. ಎತ್ತಲು ಬಂದವರಲ್ಲಿ ಒಬ್ಬ ಮರಾಠಿಯಲ್ಲಿ ಕನಿಕರದಿಂದ ಕೇಳಿದ, “ಭಾವೂ, ಜಮತ್ ನಾಹೀ ತರ್ ಹಲ್ಕೀ ಘ್ಯಾಯ್ಚೀ ನಾ!” ಆಗದಿದ್ದರೆ ಹಗುರದ್ದು ತಗೋಬೇಕಿತ್ತಲ್ಲ ಎಂದು. ಅವನಿಗೆ ಕಾರಣ ವಿವರಿಸಬೇಕೆಂದರೆ ಗದಗಿನಿಂದ ಶುರುಮಾಡಬೇಕಿತ್ತು. ನಾನು ಟವೆಲ್ಲು ಕೊಡವಿದೆ.

ಸೊಟ್ಟಗಾದ ಪೆಡಲ್ ನೋಡಿ ಸೂಪರಿಂಟೆಂಡೆಂಟರು ಬೈಯಲಿಲ್ಲ. ಅವರ ಮುಖ ಸಣ್ಣಗಾಯಿತು. “ನನ್ನನ್ನ ಕರೀಬಾರ್ದಿತ್ತೇ? ಭಾನುವಾರ ನನಗೇನು ಕೆಲಸ ಇರುತ್ತೆ?” ಎಂದರು. ಅಂದಿನಿಂದ ಭಾನುವಾರಗಳೂ ಹೋದವು. ಫುಟಾಳಾ ದಂಡೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕುಳಿತು ಸುಟ್ಟ ಮೆಕ್ಕೆತೆನೆ ತಿನ್ನತೊಡಗಿದೆವು. ಕೆರೆ ಚೆನ್ನಾಗಿಯೇ ಇತ್ತು. ಅಲ್ಲಿ ಸಿಗ್ನಲ್ ಇರಲಿಲ್ಲವಾದ್ದರಿಂದ ಮಾತಿಗೆ ತಡೆಯೂ ಇರಲಿಲ್ಲ.

ಕೊನೆಗೆ ಅವರ ನಿವೃತ್ತಿ ಬಂತು. ನಾನು ಯಾರಿಗೂ ಕೇಡು ಬಯಸಿದವನಲ್ಲ. ನಿವೃತ್ತಿ ಕೇಡೂ ಅಲ್ಲ. ಅವರು ಮೈಸೂರಿಗೆ ಹೋದ ಮರುವಾರವೇ, ಒಬ್ಬನೇ ನಡೆಸಲಾಗದ ಕಾರಣ ಗಾಡಿ ಮಾರಲೇಬೇಕಾಗುತ್ತದೆ, ಅವ್ವನೂ ಇದಕ್ಕೆ ಒಪ್ಪಲೇಬೇಕಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಬೀಳ್ಕೊಡುಗೆಯ ಚಹಾ ಮುಗಿದ ಮೇಲೆ, ಕೊರಳಲ್ಲಿ ಹಾರವಿದ್ದಂತೆಯೇ, ಅವರು ನನ್ನನ್ನು ವರಾಂಡಾಕ್ಕೆ ಕರೆದರು.

“ಚಾರ್ಜ್ ಎಲ್ಲಾ ಒಪ್ಪಿಸಿ ಆಯ್ತು. ನಿನ್ನದೊಂದೇ ಚಿಂತೆ ಇತ್ತು ನನಗೆ.”

“ನಂದಾ ಸರ್?”

“ನನ್ನ ಜಾಗಕ್ಕೆ ಬರೋರು ಬೆಳಗಾವಿಯವರು. ನಮ್ಮ ಬ್ಲಾಕ್‌ನಲ್ಲೇ ಮನೆ ಸಿಕ್ಕಿದೆ. ನಾನೇ ಹೋಗಿ ನೋಡ್ಕೊಂಡ್ ಬಂದೆ, ಒಳ್ಳೆ ಎತ್ತರ. ಕಾಲು ಸಲೀಸಾಗಿ ನೆಲ ಮುಟ್ಟುತ್ತೆ. ನಿನ್ನ ವಿಷಯ ಎಲ್ಲಾ ಹೇಳಿದೀನಿ.” ಅವರ ಕಣ್ಣು ತುಂಬಿತ್ತು. “ನೀನು ಒಂಟಿಯಾಗಿ ಹೋಗೋ ಹಾಗಾಗ್ಬಾರ್ದು ನೋಡು.”

ನಾನು ಅವರ ಕೈ ಹಿಡಿದುಕೊಂಡೆ. ಥ್ಯಾಂಕ್ಸ್ ಎಂದೂ ಹೇಳಿದೆ. ಹಾರ ಹಾಕಿಕೊಂಡು ಅಳುತ್ತಿರುವ ಮನುಷ್ಯನಿಗೆ ಇನ್ನೇನು ಹೇಳಲು ಬರುತ್ತದೆ?

ಸೋಮವಾರ ಬೆಳಿಗ್ಗೆ ಗಾಡಿಯ ಪಕ್ಕದಲ್ಲಿ ಎತ್ತರದ ಒಬ್ಬರು ಟಿಫಿನ್ ಡಬ್ಬಿ ಹಿಡಿದು ನಿಂತಿದ್ದರು. “ನಮಸ್ಕಾರ್ರೀ. ಸಾಹೇಬ್ರು ಎಲ್ಲಾ ತಿಳಿಸಿ ಹೇಳ್ಯಾರ್ರೀ” ಎಂದು ಹಿಂದೆ ಹತ್ತಿ, ಎರಡೂ ಪಾದಗಳನ್ನು ಅಂಗೈಯಂತೆ ಅಗಲವಾಗಿ ನೆಲಕ್ಕಿಟ್ಟರು. ಗಾಡಿ ಕದಲಲಿಲ್ಲ. ನಾನು ಮುಂದೆ ಹತ್ತಿ ಕಿಕ್ ಹೊಡೆದೆ.

“ಸಂಜೀಕೂ ಕೂಡೇ ಬರೂದಲ್ರೀ?” ಎಂದು ಕೇಳಿದರು.

ನೆಲದ ಮೇಲಿದ್ದ ಕಾಲುಗಳು ಅವರವು. ಹೌದ್ರೀ ಎಂದೆ.