ಬೆಕ್ಕಿನ ಕಣ್ಣಿನ ದೊರೆಗಳು

ತಿಕೋಟೆಯ ನಮ್ಮ ಮನೆಯಲ್ಲಿ ಎರಡೇ ಕುಲ. ಬೆಕ್ಕಿನ ಕಣ್ಣಿನವರು ಮತ್ತು ಎಮ್ಮೆ ಕಣ್ಣಿನವರು. ಈ ವಿಂಗಡಣೆ ಮಾಡಿದವಳು ನನ್ನ ಆಯಿ, ಅಂದರೆ ಅಪ್ಪನ ತಾಯಿ. ಬಬಲೇಶ್ವರ ಅವಳ ತವರು. ಅವಳ ಕಣ್ಣು ಹಸಿರೂ ಅಲ್ಲ, ಕಂದೂ ಅಲ್ಲ, ನಡುವಿನ ಒಂದು ಬಣ್ಣ.

“ನಮ್ಮ ಹಿರ್ಯಾರು ಬಾದಶಾನ ದರಬಾರದಾಗ ಗಾದಿ ಮ್ಯಾಲ ಕುಂತವ್ರು. ಅದಕ್ಕ ಈ ಕಣ್ಣು” ಎನ್ನುತ್ತಿದ್ದಳು. ದರಬಾರಿನಲ್ಲಿ ಬಾದಶಹನಿಗೆ ಗಾಳಿ ಬೀಸುವವರೂ ಇದ್ದರಲ್ಲ ಎಂದು ಒಮ್ಮೆ ಕೇಳಿ, ನಾನು ಮೂರು ದಿನ ಒಬ್ಬಳೇ ಸಗಣಿಯ ಕುಳ್ಳು ತಟ್ಟಿದೆ.

ಚಿಕ್ಕಪ್ಪನಿಗೆ ಆಯಿಯ ಕಣ್ಣು ಬಂದಿತ್ತು. ಆದ್ದರಿಂದ ಅವನು ಇಸ್ತ್ರಿ ಅಂಗಿ ತೊಟ್ಟು ಸಂತೆಗೆ ಹೋಗುವವನು. ಹಿರಿಯ ಮಗನಾದ ನನ್ನಪ್ಪನದು ಕಪ್ಪು ಕಣ್ಣು, ಅವನಿಗೆ ಹೊಲ. ಬಿಸಿ ರೊಟ್ಟಿ ಮೊದಲು ಬೆಕ್ಕಿನ ಕಣ್ಣಿಗೆ, ಆಮೇಲೆ ನಮಗೆ. “ಎಮ್ಮಿ ಹಾಲ ಕೊಡತೈತಿ, ಬೆಕ್ಕ ಕುಡಿತೈತಿ. ಇದೇನ ಹೊಸಾದಲ್ಲ ಬಿಡ” ಎಂದು ಅವ್ವ ಒಲೆಯ ಮುಂದೆ ಗೊಣಗುವಳು. ಆಯಿಯ ಕಿವಿಗೆ ಬೀಳದಂತೆ ಗೊಣಗುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕುಲ ನಿರ್ಧಾರವಾಗುತ್ತಿದ್ದುದು ಕೂಸು ಹುಟ್ಟಿದ ಐದನೆಯ ದಿನ. ಅಂದು ಆಯಿ ಕೂಸನ್ನು ಹೊಸ್ತಿಲ ಎಳೆಬಿಸಿಲಿಗೆ ಹಿಡಿದು ಕಣ್ಣು ನೋಡಿ ತೀರ್ಪು ಕೊಡುವಳು. ನಾನು ಆ ದಿನ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದೆನಂತೆ. ಆಯಿಗೆ ಕಾಯುವ ತಾಳ್ಮೆ ಎಲ್ಲಿಯದು? “ಎಮ್ಮಿ” ಎಂದು ಹೇಳಿ ಎದ್ದುಹೋದಳಂತೆ. ಎರಡು ತಿಂಗಳ ನಂತರ ಚಿಗವ್ವನಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಮಗ ಹುಟ್ಟಿದ. ಅವನ ಕಣ್ಣು ಬೂದಿ ಬಣ್ಣವಿತ್ತು. “ಬೆಕ್ಕು! ನನ್ನ ದೊರಿ!” ಎಂದು ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಎಳೆಗೂಸಿನ ಕಣ್ಣಿನ ಬಣ್ಣ ನಂಬುವಂಥದ್ದಲ್ಲ. ವರ್ಷ ತುಂಬುವುದರೊಳಗೆ ದೊರೆಯ ಕಣ್ಣು ನನ್ನಷ್ಟೇ ಕಪ್ಪಾಯಿತು. ಆದರೆ ಅಷ್ಟರಲ್ಲಿ ಆಯಿಯ ಕಣ್ಣಿಗೆ ಪೊರೆ ಬರತೊಡಗಿತ್ತು. ಅವಳಿಗೆ ಎಲ್ಲರ ಕಣ್ಣೂ ಮಸುಕು ಬೂದಿಯೇ. ಚಿಗವ್ವ ಬಾಯಿ ಬಿಡಲಿಲ್ಲ. ಉಳಿದವರಿಗೆ ಧೈರ್ಯವಿರಲಿಲ್ಲ. ಹೀಗೆ ಒಬ್ಬ ಕಪ್ಪು ಕಣ್ಣಿನ ಹುಡುಗ ಹನ್ನೆರಡು ವರ್ಷ ಬೆಕ್ಕಿನ ಕಣ್ಣಿನ ದೊರೆಯಾಗಿ ಬಿಸಿ ರೊಟ್ಟಿ ತಿಂದ. ನನಗೆ ಹೊಟ್ಟೆ ಉರಿಯುತ್ತಿತ್ತು. ಮನಸ್ಸಿನಲ್ಲಿ ದಿನಕ್ಕೆ ನೂರು ಸಲ ಅವನನ್ನು ಕಳ್ಳ ಎಂದು ಬೈದಿದ್ದೇನೆ.

ನಾವಿಬ್ಬರೂ ಒಂದೇ ವರ್ಷ ಮುಲ್ಕಿ ಪರೀಕ್ಷೆಗೆ ಕೂತೆವು. ಏಳನೆಯ ಇಯತ್ತೆಯ ಆ ಪರೀಕ್ಷೆ ದಾಟಿದರೆ ಮುಂದೆ ವಿಜಾಪುರದ ಹೈಸ್ಕೂಲು. ಗಾಂಧಿ ಚೌಕದ ಹಿಂದೆ ನನ್ನ ಸೋದರತ್ತೆಯ ಮನೆಯಿತ್ತು. ಆ ಮನೆಯಲ್ಲಿ ಒಂದು ಮಗುವಿಗಷ್ಟೇ ಜಾಗ. ನಾನು ಶಾಲೆಗೇ ಮೊದಲಿಗಳಾದೆ, ಅವನು ದೇವರ ದಯೆಯಿಂದ ಪಾಸಾದ. ಆಯಿ ಹೇಳಿದಳು: “ಬೆಕ್ಕಿನ ಕಣ್ಣಾಂವ ಹೋಗ್ತಾನ.” ಗಂಡು ಹೆಣ್ಣೆಂಬ ಭೇದ ಅವಳಿಗಿರಲಿಲ್ಲ, ಕಣ್ಣಿನ ಭೇದವೊಂದೇ. ನಾನು ಹಿತ್ತಲಲ್ಲಿ ಕೂತು ಅತ್ತೆ. ದೊರೆಯೂ ಅತ್ತ, ಅವನಿಗೆ ಹೋಗಲು ಇಷ್ಟವಿರಲಿಲ್ಲ.

ಆ ಬೇಸಿಗೆಯಲ್ಲೇ ವಿಜಾಪುರದ ದವಾಖಾನೆಯಲ್ಲಿ ಆಯಿಯ ಪೊರೆ ತೆಗೆದರು. ಆಗೆಲ್ಲ ಕಣ್ಣು ಕಟ್ಟಿ, ತಲೆ ಅಲ್ಲಾಡದಂತೆ ಎರಡೂ ಪಕ್ಕ ಮರಳಿನ ಚೀಲವಿಟ್ಟು ಅಂಗಾತ ಮಲಗಿಸುತ್ತಿದ್ದರು. ಅವಳ ಸೇವೆಗೆ ನನ್ನನ್ನು ಬಿಟ್ಟರು. ಗಂಜಿ ಕುಡಿಸಿದೆ, ಕಾಲು ಒತ್ತಿದೆ, ಬೈಗುಳ ತಿಂದೆ. ಒಂದು ಮಧ್ಯಾಹ್ನ ಆಯಿ ಕೇಳಿದಳು, “ನನ್ನ ದೊರಿ ಯಾಕ ಬಂದಿಲ್ಲ ಬೇ, ನನ್ನ ನೋಡಾಕ?”

“ದೊರಿಗಳು ದವಾಖಾನಿಗೆ ಬರೂದಿಲ್ಲ ಆಯಿ” ಎಂದೆ. ಬೈಯುತ್ತಾಳೆಂದು ಕಾದೆ. ಅವಳು ಕುಡಿಯಲು ನೀರು ಕೇಳಿದಳು.

ಒಂದೂವರೆ ತಿಂಗಳ ಮೇಲೆ ದಪ್ಪ ಗಾಜಿನ ಚಾಳೀಸು ಬಂತು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಹಾಕಿಕೊಂಡ ಆಯಿ ಮೊದಲು ಗೋಡೆಯ ಬಿರುಕು ಕಂಡು ಅಪ್ಪನನ್ನು ಬೈದಳು. ಆಮೇಲೆ ಅವ್ವನನ್ನು ನೋಡಿ, “ನೀ ಯಾವಾಗ ಮುದಕಿ ಆದಿ ಬೇ?” ಎಂದಳು. ಆಮೇಲೆ ದೊರೆಯನ್ನು ಕರೆದು, ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದಳು.

ಚಿಗವ್ವ “ಹಾಲು ಉಕ್ಕಾಕತ್ತೈತಿ” ಎಂದು ಒಳಗೆ ಓಡಿದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

“ಇದೇನಲೇ? ನಿನ್ನ ಕಣ್ಣ ಎಲ್ಲಿ ಹೋದೂ?”

“ಇಲ್ಲೇ ಅದಾವಲ್ಲ ಆಯಿ” ಎಂದ ಬಡಪಾಯಿ.

ಕಪ್ಪು ಕಣ್ಣಿನವನನ್ನು ಹೈಸ್ಕೂಲಿಗೆ ಕಳಿಸಿದರೆ ಆಯಿಯ ಕಾನೂನು ಮುರಿಯುತ್ತದೆ. ಇಷ್ಟು ವರ್ಷ ಮೋಸಹೋದೆನೆಂದು ಒಪ್ಪಿದರೆ ಮಾನ ಹೋಗುತ್ತದೆ. ಅವಳು ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ನನ್ನನ್ನು ಕರೆದಳು.

ಬಿಸಿಲಿಗೆ ಮುಖ ಒಡ್ಡಿ ನಿಂತೆ. ಗಾಜಿನ ಹಿಂದೆ ಅವಳ ಕಣ್ಣು ಬೊಗಸೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ನನ್ನ ಕಣ್ಣೋ, ಇದ್ದಿಲು. ಕುರುಡರಿಗೂ ಗೊತ್ತಾಗುವಷ್ಟು ಕಪ್ಪು.

“ಇಕಿದು ಬೆಕ್ಕಿನ ಕಣ್ಣು” ಎಂದಳು ಆಯಿ. “ನನಗರ ಪೊರಿ ಬಂದಿತ್ತು. ನಿಮಗೆಲ್ಲಾ ಏನ ಬಂದಿತ್ತು? ಇಕೀನ ಕಳಸ್ರಿ ವಿಜಾಪುರಕ್ಕ.”

ಚಿಕ್ಕಪ್ಪ ಬಗ್ಗಿ ನನ್ನ ಕಣ್ಣು ನೋಡಿ, “ಹೌದ ನೋಡವ್ವ, ಹಸರ ಐತಿ” ಎಂದುಬಿಟ್ಟ.

“ಏನಂತಿ ಬೇ?” ಎಂದು ಆಯಿ ನನ್ನನ್ನೇ ಕೇಳಿದಳು.

ಬಾಗಿಲಲ್ಲಿ ಅವ್ವ ನಿಂತಿದ್ದಳು, ಕೈಯೆಲ್ಲ ಹಿಟ್ಟು. ನನ್ನವು ಅವಳ ಕಣ್ಣುಗಳೇ, ಊರಿಗೆಲ್ಲ ಗೊತ್ತಿದ್ದ ಮಾತು. ಅದನ್ನು ಹೇಳಬೇಕಿತ್ತು. ಆದರೆ ನನಗೆ ಹೈಸ್ಕೂಲಿಗೆ ಹೋಗಬೇಕಿತ್ತು.

“ಹೌದ ಆಯಿ” ಎಂದೆ. ಅವ್ವ ತಲೆಯಾಡಿಸಿ, ಒಳಗೆ ರೊಟ್ಟಿ ಬಡಿಯಲು ಹೋದಳು.